ಎರಡು ಗುಂಪು, ಒಂದು ಬೇಲಿ

ಪಕ್ಕದ ಮನೆಯ ಚಂದ್ರಿಕಾ ಕಳಿಸಿದ್ದ ಕೋಡುಬಳೆಯ ಸ್ಟೀಲ್ ಡಬ್ಬ ಖಾಲಿಯಾಗಿದ್ದೇ ಎಲ್ಲಕ್ಕೂ ಕಾರಣ. ಬೇರೆಯವರ ಡಬ್ಬವನ್ನು ಖಾಲಿ ಹಿಂದಿರುಗಿಸುವುದು ಇಂದಿರಾಳಿಗೆ ಮೈಸೂರಿನಲ್ಲೂ ಗೊತ್ತಿರಲಿಲ್ಲ, ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ಗೆ ಬಂದ ಮೇಲೂ ಗೊತ್ತಾಗಲಿಲ್ಲ. ಕೈಗೆ ಸಿಕ್ಕಿದ್ದನ್ನು ತುಂಬಿ ಬೇಲಿಯಾಚೆ ದಾಟಿಸಿದಳು. ಸಿಕ್ಕಿದ್ದು ಅಕ್ರೋಟು.

ಅದು ಅವಳ ಗಂಡ ಚಂದ್ರಮೌಳಿ ಔಷಧಿಯ ಹಾಗೆ ದಿನವೂ ತಿನ್ನಬೇಕಿದ್ದ ಅಕ್ರೋಟು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನವರ ಹಾಗೆ ಆಲಿವ್ ಎಣ್ಣೆ, ಸೊಪ್ಪು, ಕಾಳು, ಬೀಜಗಳನ್ನು ತಿಂದರೆ ಹೃದಯದ ಕಾಯಿಲೆ ತಪ್ಪುತ್ತದೆಯೇ ಎಂದು ನೋಡಲು ಒಂದು ಆಸ್ಪತ್ರೆಯವರು ಐದು ವರ್ಷದ ಪ್ರಯೋಗ ಶುರು ಮಾಡಿದ್ದರು. ಚೀಟಿ ಎತ್ತಿದ ಹಾಗೆ ಕಂಪ್ಯೂಟರು ಜನರನ್ನು ಎರಡು ಗುಂಪು ಮಾಡಿತ್ತು. ಒಂದು ಗುಂಪಿಗೆ ತಿಂಗಳಿಗೆ ನಾಲ್ಕು ಬಾಟಲಿ ಆಲಿವ್ ಎಣ್ಣೆ, ಒಂದು ಚೀಲ ಅಕ್ರೋಟು. ಇನ್ನೊಂದು ಗುಂಪಿಗೆ ಜಿಡ್ಡು ಕಡಿಮೆ ಮಾಡಿ ಎಂಬ ಬುದ್ಧಿವಾದ. ಚಂದ್ರಮೌಳಿಗೆ ಎಣ್ಣೆ ಬಂತು. ಚಂದ್ರಿಕಾಳ ಗಂಡ ಗುರುರಾಜನಿಗೆ ಬುದ್ಧಿವಾದ ಬಂತು. ಅವನನ್ನು ಒತ್ತಾಯ ಮಾಡಿ ಸೇರಿಸಿದವನೂ ಚಂದ್ರಮೌಳಿಯೇ.

ಚಂದ್ರಮೌಳಿ ಸೇರಿದ್ದಕ್ಕೆ ಕಾರಣ ಬೇರೆ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ತಮ್ಮ ಅನಂತ್ ನಲವತ್ತೊಂಬತ್ತಕ್ಕೇ ಹೋಗಿಬಿಟ್ಟಿದ್ದ. ಹೋಗುವ ಹಿಂದಿನ ವಾರ ಫೋನ್ ಮಾಡಿ ಎದೆಯಲ್ಲಿ ಏನೋ ಹಿಡಿದ ಹಾಗಾಗುತ್ತದೆ ಎಂದಿದ್ದ. ಗ್ಯಾಸ್ ಇರಬೇಕು, ಜೀರಿಗೆ ಕಷಾಯ ಕುಡಿ ಎಂದು ಹೇಳಿ ಚಂದ್ರಮೌಳಿ ಫೋನ್ ಇಟ್ಟಿದ್ದ. ಆಫೀಸಿನಲ್ಲಿ ಮೀಟಿಂಗ್ ಇತ್ತು. ಆ ಮೀಟಿಂಗ್ ಯಾತರದ್ದು ಎಂಬುದು ಈಗ ಎಷ್ಟು ನೆನೆಸಿಕೊಂಡರೂ ನೆನಪಾಗುವುದಿಲ್ಲ. ಈ ಪ್ರಯೋಗವೊಂದನ್ನಾದರೂ ತಪ್ಪಿಲ್ಲದೆ ಮುಗಿಸಿದರೆ ಯಾರದಾದರೂ ತಮ್ಮ ಉಳಿದಾನು ಎಂದುಕೊಂಡಿದ್ದ. ಏನು ತಿಂದರೂ ಆಸ್ಪತ್ರೆಯವರು ಕೊಟ್ಟ ಊಟದ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಅರ್ಧ ಕೋಡುಬಳೆ ತಿಂದರೆ ಅರ್ಧ ಎಂದೇ ಬರೆಯುತ್ತಿದ್ದ.

2014ರ ಆಗಸ್ಟಿನ ಒಂದು ಮಂಗಳವಾರ ಮೊದಲ ವರ್ಷದ ತಪಾಸಣೆ. ಹನ್ನೊಂದು ಗಂಟೆಗೆ ಹೋಗಬೇಕು. ಉಳಿದ ಅಕ್ರೋಟನ್ನೂ ತರಬೇಕೆಂದು ಕಾಗದ ಬಂದಿತ್ತು. ಬೆಳಗ್ಗೆ ಏಳಕ್ಕೆ ಬೀರು ತೆಗೆದರೆ ಚೀಲ ಚಪ್ಪಟೆಯಾಗಿ, ಇಸ್ತ್ರಿ ಮಾಡಿಟ್ಟ ಹಾಗೆ ಮಲಗಿತ್ತು.

ಇಂದಿರಾ ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನಿದೆ ಎಂದು ಅವಳಿಗೆ ಹೊಳೆಯಲೂ ಇಲ್ಲ. ಚಂದ್ರಿಕಾ ವಾರಕ್ಕೊಂದು ಡಬ್ಬ ಕಳಿಸುತ್ತಾಳೆ, ಪ್ರತಿ ಸಲ ತಾನೇನು ಕಳಿಸುವುದು ಎಂದಳು. ಚಟ್ನಿಪುಡಿಗೆ ಅಕ್ರೋಟು ಹಾಕುತ್ತೇನೆ ಎಂದಿದ್ದೆಯಲ್ಲ ಎಂದು ಇವನು ಕೇಳಿದ. ಮೊದಲ ವಾರ ಹಾಕಿದ್ದಳಂತೆ. ಕಹಿಯಾಯಿತೆಂದು ಆಮೇಲೆ ಕಡಲೆಕಾಯಿಗೇ ಹಿಂದಿರುಗಿದ್ದಳು.

"ಮತ್ತೆ ಆಲಿವ್ ಎಣ್ಣೆ?"

"ಆ ಎಣ್ಣೇಲಿ ಒಗ್ಗರಣೆ ಹಾಕಿದ್ರೆ ಸಾರು ಹುಲ್ಲಿನ ವಾಸನೆ ಹೊಡಿಯತ್ತೆ ಕಣ್ರೀ. ಗುರುರಾಜ್ ಅವ್ರು ಅದನ್ನ ಬ್ರೆಡ್ ಮೇಲೆ ಹುಯ್ಕೊಂಡು ತಿಂತಾರಂತೆ, ಪಾಪ."

ಚಂದ್ರಮೌಳಿ ಕುರ್ಚಿ ಹುಡುಕಿಕೊಂಡು ಕೂತ. ಅಡುಗೆಯಲ್ಲಿ ಬೆರೆತಿದೆ ಎಂದು ನಂಬಿ ಒಂದು ವರ್ಷ ದಿನವೂ ಎಣ್ಣೆ ನಾಲ್ಕು ಚಮಚ, ಅಕ್ರೋಟು ಏಳು ಎಂದು ದುಂಡಗೆ ಬರೆದಿದ್ದ. ಅಷ್ಟನ್ನೂ ತಿಂದವನು ಜಿಡ್ಡು ಬಿಡಬೇಕಿದ್ದ ಗುಂಪಿನವನು.

ಚಪ್ಪಲಿಯಲ್ಲೇ ಪಕ್ಕದ ಮನೆಗೆ ಓಡಿದ. ಗುರುರಾಜ ಹಸಿರು ಎಣ್ಣೆಯಲ್ಲಿ ಮುಳುಗಿದ ಟೋಸ್ಟ್ ಹಿಡಿದು ಬಾಗಿಲು ತೆಗೆದ. ಅವನ ಕೆನ್ನೆ ಈಗಷ್ಟೇ ತೊಳೆದ ಕಾರಿನ ಹಾಗೆ ಮಿರುಗುತ್ತಿತ್ತು. ಉಳಿದ ಅಕ್ರೋಟು ವಾಪಸು ಬೇಕು ಎಂದು ಕೇಳುವಾಗ ಚಂದ್ರಮೌಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಚಂದ್ರಿಕಾ ಬೇಸರಪಡಲಿಲ್ಲ. ಒಂದು ಹಿಡಿ ಅಕ್ರೋಟನ್ನು ಚೀಲಕ್ಕೆ ಸುರಿದಳು. ಅವರದನ್ನೇ ಅವರಿಗೆ ಕೊಟ್ಟು ಕಳಿಸುವುದು ಹೇಗೆಂದು ಮೇಲೆ ಆರು ನಿಪ್ಪಟ್ಟು ಇಟ್ಟಳು.

ಆಸ್ಪತ್ರೆಗೆ ಇಬ್ಬರೂ ಗುರುರಾಜನ ಕಾರಿನಲ್ಲೇ ಹೊರಟರು. ಡೊಮಿನಿಯನ್ ರಸ್ತೆಯ ಮೊದಲ ಸಿಗ್ನಲ್ಲಿನಲ್ಲಿ, ಎಲ್ಲವನ್ನೂ ನರ್ಸಿಗೆ ಹೇಳಿಬಿಡುವುದಾಗಿ ಚಂದ್ರಮೌಳಿ ತಿಳಿಸಿದ. ಗುರುರಾಜ ಸಿಗ್ನಲ್ ಹಸಿರಾದರೂ ಕಾರು ಬಿಡಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು.

"ಸಾರ್, ನನ್ನ ತೆಗೆದ್ಹಾಕ್ಬಿಡ್ತಾರೆ. ಇವ್ರು ಮೂರು ತಿಂಗಳಿಗೊಂದ್ಸಲ ಕರೆದು ನೋಡ್ತಾರೆ ಅಂತ ನಾನು ಬರ್ತೀನಿ. ನಾನಾಗೇ ಡಾಕ್ಟ್ರ ಹತ್ರ ಹೋಗೋ ಆಸಾಮಿ ಅಲ್ಲ, ನಿಮಗೆ ಗೊತ್ತು. ಮೊನ್ನೆ ಮೆಟ್ಟಿಲು ಹತ್ತುವಾಗ ಎದೆ ಹಿಡ್ಕೊಂಡಿತ್ತು. ಚಂದ್ರಿಕಾಗೂ ಹೇಳಿಲ್ಲ."

ಆಗ ಚಂದ್ರಮೌಳಿ ಅನಂತನ ವಿಷಯ ಹೇಳಿದ. ಫೋನು, ಜೀರಿಗೆ ಕಷಾಯ, ಮೀಟಿಂಗು, ಎಲ್ಲವನ್ನೂ. ಹೇಳಿ ಮುಗಿಸುವಷ್ಟರಲ್ಲಿ ಆಸ್ಪತ್ರೆ ಬಂತು. ಗುರುರಾಜ ಕಾರು ನಿಲ್ಲಿಸಿ, ಇಳಿದು ಬಂದು ಚಂದ್ರಮೌಳಿಯ ಕಡೆಯ ಬಾಗಿಲನ್ನು ತಾನೇ ತೆಗೆದ.

ಇಬ್ಬರನ್ನೂ ಬೇರೆ ಬೇರೆ ಕೋಣೆಗೆ ಕರೆದರು. ಚಂದ್ರಮೌಳಿಯ ಎದುರು ಕೂತ ನರ್ಸ್ ಆರೋಹಾ ಊಟದ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಮಗುಚಿದಳು. ಅರ್ಧ ಕೋಡುಬಳೆ ಬಂದಾಗ ನಕ್ಕಳು. ಆಮೇಲೆ ಫಾರಂ ಮುಂದಿಟ್ಟು ಮೆಲ್ಲಗೆ ಕೇಳಿದಳು: ಎಣ್ಣೆ, ಅಕ್ರೋಟು ಎಲ್ಲವನ್ನೂ ನೀವೇ ತಿಂದಿರಿ ತಾನೇ? ಬೇರೆ ಯಾರಿಗೂ ಕೊಟ್ಟಿಲ್ಲವಲ್ಲ?

ಗಾಜಿನಾಚೆ ಗುರುರಾಜ ಅಂಗಿಯ ತೋಳು ಮಡಚಿ, ಬೆನ್ನು ಬಗ್ಗಿಸಿ ಕೂತಿದ್ದು ಕಾಣುತ್ತಿತ್ತು. ಚಂದ್ರಮೌಳಿ ಬೆಳಗಿನಿಂದ ಹೊಂದಿಸಿಕೊಂಡಿದ್ದ ಸತ್ಯದ ಮೊದಲ ವಾಕ್ಯ ನಾಲಿಗೆಯ ತುದಿಗೆ ಬಂದು ನಿಂತಿತು. ಎದೆ ಹಿಡಿದುಕೊಂಡಿತ್ತು ಎಂದು ಒಬ್ಬ ಹೇಳಿದಾಗ ಫೋನ್ ಇಟ್ಟಾಗಿದೆ. ಇವನೂ ಅದನ್ನೇ ಹೇಳುತ್ತಿದ್ದಾನೆ. ಈಗ ನಿಜ ಹೇಳಿದರೆ ಇವನನ್ನು ನೋಡುವವರೂ ಇಲ್ಲದ ಹಾಗಾಗುತ್ತದೆ.

ಎಲ್ಲವನ್ನೂ ನಾನೇ ತಿಂದೆ ಎಂದ ಚಂದ್ರಮೌಳಿ. ಸಹಿ ಮಾಡಿದ. ಅವನ ಬದುಕಿನಲ್ಲಿ ಸರ್ಕಾರಿ ಕಾಗದದ ಮೇಲೆ ಹೇಳಿದ ಮೊದಲ ಸುಳ್ಳು ಅದು. ಅನಂತನ ಹತ್ತಿರ ಮನಸ್ಸಿನಲ್ಲೇ ಕ್ಷಮೆ ಕೇಳಿದ.

ಹತ್ತು ನಿಮಿಷದ ಮೇಲೆ ಆರೋಹಾ ಎರಡು ಫಾರಂ ಹಿಡಿದು ಬಂದಳು. ಅವಳ ಮುಖ ಬಾಡಿತ್ತು. ಪಕ್ಕದ ಕೋಣೆಯಲ್ಲಿ ನಿಮ್ಮ ಸ್ನೇಹಿತರು, ಬೆಳಗ್ಗೆ ನೀವು ಅಕ್ರೋಟು ವಾಪಸು ಕೇಳಿದ್ದೂ ಸೇರಿ, ಎಲ್ಲವನ್ನೂ ತಾವಾಗಿಯೇ ಹೇಳಿದರು ಎಂದಳು. ತಿನ್ನುವುದರಲ್ಲಿ ತಪ್ಪುವವರು ಬಹಳ ಜನ, ಅದನ್ನು ಬರೆದುಕೊಂಡು ಮುಂದುವರಿಸುತ್ತೇವೆ. ಗೊತ್ತಿದ್ದೂ ಸುಳ್ಳಿಗೆ ಸಹಿ ಹಾಕಿದವರನ್ನು ಮಾತ್ರ ಇಟ್ಟುಕೊಳ್ಳುವ ಹಾಗಿಲ್ಲ ಎಂದಳು. ಇದನ್ನು ಹೇಳುವುದಕ್ಕೆ ಅವಳಿಗೇ ಕಷ್ಟವಾಗುತ್ತಿತ್ತು. ಚಂದ್ರಮೌಳಿ ಅವಳಿಗೆ ಸಮಾಧಾನ ಹೇಳಿ, ಥ್ಯಾಂಕ್ಸ್ ಹೇಳಿ, ಕುರ್ಚಿಯನ್ನು ಮೇಜಿನ ಕೆಳಗೆ ಸರಿಯಾಗಿ ತಳ್ಳಿ ಹೊರಬಂದ.

ಕಾರಿನ ಹತ್ತಿರ ಗುರುರಾಜ ಒದ್ದೆ ಕಣ್ಣಿನಲ್ಲಿ ನಿಂತಿದ್ದ.

"ನಿಮ್ಮ ತಮ್ಮನ ವಿಷಯ ಕೇಳಿದ್ಮೇಲೆ ಸುಳ್ಳು ಹೇಳಕ್ಕೆ ಬಾಯೇ ಬರ್ಲಿಲ್ಲ ಸಾರ್. ತೆಗೆದ್ರೆ ತೆಗೀಲಿ ಅಂತ ಎಲ್ಲ ಒಪ್ಕೊಂಡೆ. ಎದೆ ವಿಷಯಾನೂ ಹೇಳ್ದೆ. ನಾಳೆ ದೊಡ್ಡ ಡಾಕ್ಟ್ರೇ ನೋಡ್ತಾರಂತೆ. ನನ್ನ ಇಟ್ಕೊಂಡಿದಾರೆ." ಅವನು ಚಂದ್ರಮೌಳಿಯ ಕೈ ಹಿಡಿದುಕೊಂಡ. "ನಿಮ್ಮನ್ನಂತೂ ಇಟ್ಕೊಂಡಿರ್ತಾರೆ, ಅಲ್ವಾ?"

ತೆಗೆದರು ಎಂದರೆ ಇವನು ಈಗಲೇ ಒಳಗೆ ಓಡಿ, ತನ್ನ ಹೆಸರನ್ನೂ ಹೊಡೆಸಿಕೊಂಡು ಬರುವವನು.

"ಹೂಂ," ಎಂದ ಚಂದ್ರಮೌಳಿ.

"ಮತ್ತೆ ಇನ್ನು ನಾಲ್ಕು ವರ್ಷ ಇಬ್ರೂ ಒಟ್ಟಿಗೇ ಬರೋಣ ಸಾರ್. ಕಾರು ನಂದೇ."

ಚಂದ್ರಮೌಳಿ ಬೆಲ್ಟ್ ಹಾಕಿಕೊಂಡ. ಮೂರು ತಿಂಗಳಿಗೊಮ್ಮೆ ಬಂದು, ಯಾರೂ ಕರೆಯದ ಆ ಕಾಯುವ ಕೋಣೆಯಲ್ಲಿ ಎಷ್ಟು ಹೊತ್ತು ಕೂತರೆ ತಪಾಸಣೆ ಮುಗಿದ ಹಾಗೆ ಕಾಣುತ್ತದೆ ಎಂದು ಯೋಚಿಸತೊಡಗಿದ.