ಸುಬ್ರಾಯ ಹೆಗಡೆ ಕೇಳಿದ ಟೈರಿನ ನ್ಯಾಯ

ಸುಬ್ರಾಯ ಹೆಗಡೆಯ ಜೀಪು ಏರಿನ ಅರ್ಧಕ್ಕೆ ಬಂದದ್ದು, ಅಲ್ಲೇ ನಿಂತು ನೆರೆದವರ ಮೈಮೇಲೆಲ್ಲ ರಾಡಿ ಹಾರಿಸಿ, ಎಮ್ಮೆ ಹೊಂಡಕ್ಕಿಳಿದ ಹಾಗೆ ಹಿಂದಕ್ಕೆ ಜಾರಿ ಚರಂಡಿ ಸೇರಿತು.

ಹುಲೇಕಲ್ ಬದಿಯ ಹಾಲಿನ ಸಂಘದ ಹಳೇ ಜೀಪು ಮಳೆ ಬಿದ್ದರೆ ಗುಡ್ಡ ಹತ್ತುತ್ತಿರಲಿಲ್ಲ. ಬೇರೊಂದು ಕೊಳ್ಳಬೇಕು. ಮಾರುವವರು ಇಬ್ಬರು: ಸುಬ್ರಾಯ ಮತ್ತು ಬನವಾಸಿಯ ಸಂಗಯ್ಯ. ನೀರು ತುಂಬಿದ ಕ್ಯಾನು ಹೇರಿಕೊಂಡು ಯಾರ ಜೀಪು ಹತ್ತುತ್ತದೋ ಅದನ್ನೇ ಕೊಳ್ಳುವುದೆಂದು ಅಧ್ಯಕ್ಷ ನರಸಿಂಹ ಭಟ್ಟರು ಸಾರಿದ್ದರು. ಸಂಗಯ್ಯನದು ಆಗಲೇ ಸಲೀಸಾಗಿ ಹತ್ತಿ ಇಳಿದಿತ್ತು.

ಸುಬ್ರಾಯನಿಗೆ ವ್ಯಾಪಾರ ಕುದುರಲೇಬೇಕಿತ್ತು. ಜೀಪು ಮಾರಿ, ಶಿರಸಿಯಿಂದ ಹಳೇ ಮಾರುತಿ ಕಾರು ತಂದು, ಅದರಲ್ಲೇ ನಂದೊಳ್ಳಿಯ ತವರಿಗೆ ಹೋಗುವುದೆಂದು ಹೆಂಡತಿ ವೇದಾ ರೇಷ್ಮೆ ಸೀರೆ ಉಟ್ಟು, ಛತ್ರಿ ಹಿಡಿದು ಅಲ್ಲೇ ನಿಂತಿದ್ದಳು.

"ಭಟ್ರೇ, ಇದೆಂತ ನ್ಯಾಯ?" ಸುಬ್ರಾಯ ಚರಂಡಿಯಿಂದಲೇ ಕೂಗಿದ. "ಪರೀಕ್ಷೆ ಜೀಪಿಗಾ, ಟೈರಿಗಾ? ಅವರದ್ದು ಹೊಸ ಟೈರು. ಎನ್ನದ್ರಲ್ಲಿ ಹಲ್ಲೇ ಇಲ್ಲೆ! ಎರಡನ್ನೂ ಒಂದೇ ಟೈರಲ್ಲಿ ಹತ್ಸಿ ನೋಡಿ!"

ಭಟ್ಟರು ತಲೆಯಾಡಿಸಿದರು. "ಸುಬ್ರಾಯ ಹೇಳಿದ್ದು ಖರೆ."

ಸಂಗಯ್ಯ ತಕರಾರು ಮಾಡಲಿಲ್ಲ. "ಹಾಕ್ಕೋರಿ ಹೆಗಡೇರ. ನಿಮ್ಮವು ನನಗ ಕೊಡ್ರಿ."

ಸಂಘದ ಚಾಲಕ ನಾಗಪ್ಪ ಬೆವರು ಸುರಿಸಿ ಚಕ್ರಗಳನ್ನು ಅದಲುಬದಲು ಮಾಡಿದ. ಹೊಸ ಟೈರಿನಲ್ಲಿ ಸುಬ್ರಾಯನ ಜೀಪು ಗುರ್‍ರೆಂದು ಗುಡ್ಡದ ತಲೆಗೆ ಹೋಗಿ ನಿಂತಿತು. ವೇದಾ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಹತ್ತಿಹೋದಳು. ಬೋಳು ಟೈರಿನ ಸಂಗಯ್ಯನ ಜೀಪು ಸುಬ್ರಾಯ ಬಿದ್ದ ಚರಂಡಿಗೇ ಬಿತ್ತು.

"ಕಂಡ್ರಾ!" ಸುಬ್ರಾಯ ಮೇಲಿಂದ ಕುಣಿದ. "ಜೀಪಿನ ತಪ್ಪಲ್ಲ, ಎಲ್ಲಾ ಟೈರಿಂದೇ ಮಹಿಮೆ!"

ಏದುಸಿರು ಬಿಡುತ್ತ ಮೇಲೆ ಬಂದ ಭಟ್ಟರ ಮುಖ ಅರಳಿತ್ತು. "ನಿಂಗೆ ಪುಣ್ಯ ಬರ್ಲಿ, ತಮಾ. ಹಾಂಗಾದ್ರೆ ನಂಗಕ್ಕೆ ಬೇರೆ ಜೀಪೇ ಬೇಡ! ಸಂಗಯ್ಯ ಕೆಳಗೇ ಟೈರು ಮಾರ್ಲೆ ಒಪ್ಪಿದ್ದ. ಇದ್ನೇ ಸಂಘದ ಜೀಪಿಗೆ ಹಾಕಿರೆ ಆತು."

ಸುಬ್ರಾಯ ಬಾಯಿ ತೆರೆಯುವಷ್ಟರಲ್ಲಿ, ಭಟ್ಟರ ಹಿಂದೆಯೇ ಬಂದಿದ್ದ ನಾಗಪ್ಪ ಜೀಪಿನಡಿ ಕಲ್ಲು ಕೊಟ್ಟು ಚಕ್ರ ಬಿಚ್ಚತೊಡಗಿದ್ದ. ಬಿಚ್ಚಿದ್ದನ್ನೆಲ್ಲ ಒಂದರ ಹಿಂದೊಂದು ಗುಡ್ಡದಿಂದ ಉರುಳಿಸಿಬಿಟ್ಟ.

"ಎನ್ನ ಹಳೇ ಟೈರಾದ್ರೂ ಕೊಡಿ ಮಾರಾಯ್ರಾ!"

ಕೆಳಗೆ ಸಂಗಯ್ಯ ಚರಂಡಿಯಿಂದ ಜೀಪೆತ್ತಿಸಿಕೊಂಡು, ಅದೇ ಬೋಳು ಟೈರಿನಲ್ಲಿ ಬನವಾಸಿ ದಾರಿ ಹಿಡಿದಾಗಿತ್ತು. "ನಾಳೆ ಮುಂಜಾನೆ ತಂದುಕೊಡ್ತೇನ್ರೀ!" ಎಂದು ಕೈಬೀಸಿದ.

ಸಂಘಕ್ಕೆ ಜೀಪಿನ ಖರ್ಚು ಉಳಿಸಿದ್ದಕ್ಕೆ ಭಟ್ಟರು ಸುಬ್ರಾಯನಿಗೆ ಎಲ್ಲರಿಂದ ಚಪ್ಪಾಳೆ ಹೊಡೆಸಿ ಇಳಿದುಹೋದರು.

ಕಲ್ಲಿನ ಮೇಲೆ ಕೂತ ಜೀಪಿನೊಳಗೆ ವೇದಾ ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತಳು.

"ಟೈರಿನ ನ್ಯಾಯ ಆತು," ಎಂದಳು. "ಈಗ ಆನು ಅಪ್ಪನ ಮನೆಗೆ ಎಂತದ್ರಲ್ಲಿ ಹೋಗ್ಲಿ, ಹೇಳಿ."