ಖಂಡೆ ಪೂಜೆಗೆ ಕುಳಿತ ಗ್ರಂಥಾಲಯ

ಪುಸ್ತಕ ಕೈಯಲ್ಲಿದ್ದರೆ ಅರ್ಧ ಓದಿದಂತೆ ಎಂಬ ಭಾವನೆ ನನಗೆ ಮೊದಲಿನಿಂದಲೂ ಇದೆ. ಉಳಿದ ಅರ್ಧದ ವಿಷಯದಲ್ಲಿ ನಾನು ಅವಸರ ಮಾಡುವವನಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಆದ್ದರಿಂದ ನನಗೆ ತಿಳಿಯದ ಸಂಗತಿಗಳೂ ಇವೆ ಎಂಬುದು ನಮ್ಮೂರು ಐನಾಪುರದಲ್ಲಿ ಯಾರಿಗೂ ತಿಳಿಯದು. ನೆರೆಮನೆಯ ಟಿ.ವಿ. ಕೆಟ್ಟರೂ, ಎಮ್ಮೆ ಮೇವು ಬಿಟ್ಟರೂ “ಇಂಜಿನಿಯರ್ ಸಾಹೇಬ್ರನ್ನ ಕೇಳ್ರಿ” ಎನ್ನುತ್ತಾರೆ. ಎಮ್ಮೆಯ ಮುಂದೆ ನಿಂತು ಗಂಭೀರವಾಗಿ ತಲೆದೂಗಿ ಬಂದ ಅನುಭವವೂ ನನಗುಂಟು.

ನಾನು ಕೆಲಸಕ್ಕಿರುವುದು ಚಿಕ್ಕೋಡಿಯ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ. ಹಾಲಿನ ಡೇರಿಗಳಿಗೆ ತಂತ್ರಾಂಶ ಸಿದ್ಧಪಡಿಸುವುದು ನಮ್ಮ ಕೆಲಸ. ನಮಗೆಲ್ಲರಿಗೂ ಸೇರಿ ಒಂದು ಡಿಜಿಟಲ್ ಗ್ರಂಥಾಲಯದ ಸದಸ್ಯತ್ವವಿದೆ. ಒಂದು ಪುಸ್ತಕವನ್ನು ಒಂದು ಸಲಕ್ಕೆ ಒಬ್ಬರೇ ತೆರೆಯಬಹುದು. ತೆರೆದ ಕಂಪ್ಯೂಟರಿನಲ್ಲಿಯೇ ಅದನ್ನು ಮರಳಿಸಬೇಕು. ಅಲ್ಲಿಯವರೆಗೆ ಉಳಿದವರಿಗೆ “ಓದುಗರ ಕೈಯಲ್ಲಿದೆ” ಎಂದು ತೋರಿಸುತ್ತದೆ. ಡೇಟಾಬೇಸ್ ಕುರಿತಾದ ಅತ್ಯಂತ ದಪ್ಪನೆಯ ಗ್ರಂಥವು ಬಹುಕಾಲದಿಂದ ನನ್ನ ಕೈಯಲ್ಲಿತ್ತು. ಅದನ್ನು ಆಮೂಲಾಗ್ರವಾಗಿ ಅಧ್ಯಯನ ಮಾಡಿರುವುದಾಗಿ ಕಚೇರಿಯಲ್ಲಿ ನಾನು ಹೇಳಿಯೂ ಇದ್ದೆ.

ಹೀಗಿರಲು ಹೋದ ವರ್ಷದ ಖಂಡೆ ಪೂಜೆ, ಅಂದರೆ ಮಹಾನವಮಿಯ ಆಯುಧ ಪೂಜೆ, ಬಂತು. ಕುಡುಗೋಲು, ಕತ್ತರಿ, ದ್ರಾಕ್ಷಿಗೆ ಔಷಧ ಹೊಡೆಯುವ ಪಂಪು ಎಲ್ಲವೂ ತೊಳೆಸಿಕೊಂಡು ಪಡಸಾಲೆಯಲ್ಲಿ ಸಾಲಾಗಿ ಕುಳಿತವು. ಅವ್ವ ಕೇಳಿದಳು: “ನಿನ್ನ ಪುಸ್ತಕ ಎಲ್ಲದಾವೋ ತಮ್ಮಾ?”

“ಎಲ್ಲಾ ಇದರಾಗ ಅದಾವವ್ವ,” ಎಂದು ನಾನು ಲ್ಯಾಪ್‌ಟಾಪನ್ನು ತೋರಿಸಿದೆ.

ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ನೇರವಾಗಿ ದೇವರ ಜಗಲಿಯ ಮೇಲೆ ಸರಸ್ವತಿಯ ಪಟದ ಮುಂದಿಟ್ಟಳು. ಶಾಲೆಯ ಮೆಟ್ಟಿಲು ಹತ್ತದ ಅವಳು ಮುಚ್ಚಳದ ಮೇಲೆ ಅರಿಷಿಣ ಕುಂಕುಮ ಹಚ್ಚಿದಳು. “ನಾಳೆ ಮುಂಜಾನೆ ಪೂಜಿ ಕದಲಿಸೂತನಕಾ ಯಾರೂ ಮುಟ್ಟಂಗಿಲ್ಲ ನೋಡು,” ಎಂದು ಆಜ್ಞೆಯಾಯಿತು.

ಊಟಕ್ಕೆ ಕುಳಿತಾಗ ಫೋನು ಬಂತು. ರಾಯಬಾಗದ ಗಿರಿಜಾ, ಕಚೇರಿಗೆ ಹೊಸದಾಗಿ ಸೇರಿದವರು. ಎಮ್ಮೆಗಳು ನವಮಿಯಂದೂ ಹಾಲು ಕೊಡುವುದರಿಂದ ಅವರಿಗೆ ರಜೆಯಿರಲಿಲ್ಲ.

“ಸರ್, ಆ ದಪ್ಪ ಪುಸ್ತಕ ನಿಮ್ಮ ಕಡೇನ ಐತಂತ ತೋರಸಾಕತ್ತೈತ್ರಿ. ಸ್ವಲ್ಪ ಬಿಡ್ರಿ. ಡೇರಿಯಾಗ ಒಬ್ರ ಎಮ್ಮಿ ಹಾಲು ಇನ್ನೊಬ್ರ ಹೆಸರಿಗೆ ಹೊಂಟೈತಿ. ಸಂಜೀಕ ಮಂದಿ ಕ್ಯಾನ್ ಹಿಡ್ಕೊಂಡು ಬರ್ತಾರ. ಮೊದಲ್ನೇ ಸಲ ನನ್ನೊಬ್ಬಾಕಿ ಮ್ಯಾಲ ಕೆಲಸ ಬಿಟ್ಟಾರ್ರಿ.”

“ಗಿರಿಜಾ ಅವರೇ, ಸದರಿ ಗ್ರಂಥವು ಅನಿವಾರ್ಯ ಕಾರಣಗಳಿಂದ...”

“ಅಂದ್ರ?”

“ಪೂಜಿಗೆ ಕುಂತೈತ್ರಿ.”

ನಗುತ್ತಾರೆಂದು ಹೆದರಿ ಕಾದೆ. ಅವರು ನಗಲಿಲ್ಲ. “ಹೌದೇನ್ರಿ? ಹಂಗಾರ ಮುಟ್ಟಬ್ಯಾಡ್ರಿ ಸರ್. ನಮ್ಮನ್ಯಾಗ ಟ್ರ್ಯಾಕ್ಟರೂ ಕುಂತೈತಿ. ಏನರ ಮಾಡ್ತೀನ್ರಿ,” ಎಂದರು. ಕೊನೆಯ ಮಾತಿಗೆ ಅವರ ಧ್ವನಿ ಕುಗ್ಗಿತು. ಬೈದಿದ್ದರೆ ಹೋಳಿಗೆ ಇಳಿಯುತ್ತಿತ್ತು, ಈಗ ಇಳಿಯಲಿಲ್ಲ.

ಅವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಆ ಹುಡುಗಿಗೂ ಇದ ಪುಸ್ತಕ ಬೇಕೇನು?”

“ಹೌದವ್ವ. ನಾ ಬಿಟ್ರ ಆಕಿಗೆ ಸಿಗತೈತಿ.”

“ಆಕಿ ಅಲ್ಲಿ ಕಣ್ಣೀರ ಹಾಕ್ಕೋತ ಕುಂತ್ರ, ಇಲ್ಲಿ ಸರಸ್ವತಿ ನಾ ಇಟ್ಟ ಹೋಳಿಗಿ ತಿಂತಾಳೇನಲೇ?” ಎಂದವಳೇ ಎದ್ದು ಹೋಗಿ, ನಾಲ್ಕು ಅಕ್ಷತೆ ಹಾಕಿ, ಲ್ಯಾಪ್‌ಟಾಪನ್ನು ಒಂದಿಷ್ಟು ಸರಿಸಿದಳು. “ಕದಲಿತು. ತಗೋ.”

ಮುಚ್ಚಳ ತೆರೆಯುವಾಗ ಕೀಲಿಗಳ ನಡುವೆ ಜಾರಿದ ಅಕ್ಷತೆಯನ್ನು ಊದಿ ತೆಗೆದು ಪುಸ್ತಕವನ್ನು ಮರಳಿಸಿದೆ. ಸಂಜೆ ಗಿರಿಜಾ ಅವರ ಸಂದೇಶ ಬಂತು: “ಎಮ್ಮಿ ಹಾಲು ಎಮ್ಮಿ ಮಾಲಕ್ರಿಗೇ ಮುಟ್ಟೇತ್ರಿ ಸರ್. ಅವ್ವಾರಿಗೆ ನಮಸ್ಕಾರ ಹೇಳ್ರಿ.” ಆಗ ತಣ್ಣಗಾದ ಹೋಳಿಗೆಯನ್ನು ತಿಂದೆ, ಬಹಳ ರುಚಿಯಾಗಿತ್ತು.

ಹಬ್ಬ ಮುಗಿಸಿ ಕಚೇರಿಗೆ ಹೋದಾಗ ಗಿರಿಜಾ ನನ್ನ ಕೈಗೆ ಬನ್ನಿ ಎಲೆ ಕೊಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ ಸರ್,” ಎಂದರು. ಆಮೇಲೆ ದನಿ ತಗ್ಗಿಸಿ, “ಮುನ್ನುಡಿ ಭಾಳ ಚಲೋ ಐತಲ್ರಿ?” ಎಂದರು. ಹಿಂದಿನ ಓದುಗರು ಯಾವ ಪುಟದಲ್ಲಿ ನಿಲ್ಲಿಸಿದರೆಂಬುದನ್ನು ಮುಂದಿನವರಿಗೆ ತೋರಿಸುವ ವ್ಯವಸ್ಥೆ ಆ ಗ್ರಂಥಾಲಯದಲ್ಲಿದೆ ಎಂದು ನನಗೆ ಅಂದೇ ತಿಳಿದದ್ದು. ಬಹುಶಃ ಗ್ರಂಥಾಲಯದ ನಿಯಮಾವಳಿಯಲ್ಲಿ ಅದೂ ಮುನ್ನುಡಿಯ ನಂತರವೇ ಎಲ್ಲೋ ಬರೆದಿದ್ದಿರಬೇಕು.

ಈ ವರ್ಷ ಹಬ್ಬಕ್ಕೆ ಮೊದಲೇ ಜಾಗ್ರತೆ ವಹಿಸಿದ್ದೆ. “ಪುಸ್ತಕ ಒಳಗದಾವೇನು?” ಎಂದು ಅವ್ವ ಕೇಳಿದಳು. “ಇಲ್ಲವ್ವ, ಎಲ್ಲಾ ಕೊಟ್ಟ ಬಂದೀನಿ,” ಎಂದೆ. “ಚಲೋ ಮಾಡಿದಿ,” ಎಂದು ಮೆಚ್ಚಿ, ಪುಸ್ತಕವಿಲ್ಲದ ಲ್ಯಾಪ್‌ಟಾಪನ್ನು ಒಯ್ದು ಪಡಸಾಲೆಯಲ್ಲಿ ಔಷಧದ ಪಂಪಿನ ಪಕ್ಕಕ್ಕಿಟ್ಟಳು. ಓದಿ ಕೊಟ್ಟೆಯೋ, ಓದದೆ ಕೊಟ್ಟೆಯೋ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಪಂಪಿನ ಆಚೆ ಬದಿಯಲ್ಲಿ ನನಗೂ ಒಂದು ಮಣೆ ಹಾಕಬೇಕಾಗುತ್ತಿತ್ತು.