ಏಕಾದಶಿ ಮಾಡಿದ ಕೋಳಿಗಳು

ನಮ್ಮ ಕಾಕಾ ಎಚ್ಚರವಿದ್ದಾಗ ಕೂತದ್ದನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ ಎಂದರೆ ನೀವು ನಂಬಲಿಕ್ಕಿಲ್ಲ. ಮಲಾಡಿನಿಂದ ಹೊರಡುವ ಲೋಕಲ್‌ನಲ್ಲಿ ಸೀಟು ಸಿಕ್ಕರೂ ಬೇರೆಯವರಿಗೆ ಕೊಟ್ಟು, ಡಬ್ಬಿಯ ಈ ಬಾಗಿಲಿಂದ ಆ ಬಾಗಿಲಿಗೆ ಓಡಾಡುತ್ತಿದ್ದರು. ಗಾಡಿಯೇ ಓಡುತ್ತಿರುವಾಗ ಇವರೇಕೆ ಓಡಬೇಕು? ಕೇಳುವ ಧೈರ್ಯ ಯಾರಿಗಿತ್ತು!

ಇಂಥವರು ಒಂದು ದಿನ ಬೈಕುಲ್ಲಾದಿಂದ ನಾಲ್ಕು ಕೋಳಿ ಹಿಡಿದುಕೊಂಡು ನಾವಿದ್ದ ಚಾಳಿಗೆ ಬಂದರು. ಶ್ರಾವಣದಲ್ಲಿ ಉಳ್ಳಾಗಡ್ಡಿಯೂ ಹೊಸ್ತಿಲು ದಾಟದ ಮನೆ ನಮ್ಮದು! ಆದರೆ ಅವರ ಹೆಂಡತಿ, ನಮ್ಮ ಕಾಕು, ಟೈಫಾಯ್ಡಿನಿಂದ ಎದ್ದು ಕಡ್ಡಿಯಾಗಿದ್ದರು. ದಿನಾ ತತ್ತಿ ತಿನ್ನದಿದ್ದರೆ ಮತ್ತೆ ಹಾಸಿಗೆ ಹಿಡಿಯುತ್ತಾರೆಂದು ಡಾಕ್ಟರು ಹೆದರಿಸಿದ್ದರು.

"ಏನೇನ ತಿಂದ ಕೋಳೀದೋ ಏನೋ, ನಾ ಒಲ್ಲೆ," ಎಂದು ಕಾಕು ಮುಖ ತಿರುಗಿಸಿದ್ದರು.

ಕಾಕಾನ ಲೆಕ್ಕ ಸರಳ. ಕೋಳಿ ಮಡಿಯಿಂದ ಉಂಡರೆ ತತ್ತಿಯೂ ಮಡಿ!

ರೇಷನ್ನಿನ ಗೋಧಿ ಮನೆಮಂದಿಗೇ ಸಾಲದ ಕಾಲ ಅದು. ಕೋಳಿಗಳಿಗೆ ಮಾತ್ರ ತುಪ್ಪ ಸವರಿದ ಚಪಾತಿ, ಬೆಲ್ಲದ ಅವಲಕ್ಕಿ, ಹುರಿದ ಶೇಂಗಾ. ಏಕಾದಶಿಗೆ ಅವಕ್ಕೂ ಉಪವಾಸ, ಸಂಜೆಗೆ ಸಾಬೂದಾಣಿ ಖಿಚಡಿ! ಯಾವುದಾದರೂ ಕೋಳಿ ಹಿತ್ತಲಲ್ಲಿ ಹುಳ ಹೆಕ್ಕಿದರೆ ಕಾಕಾ ಧೋತರ ಎತ್ತಿ ಕಟ್ಟಿ ಬೆನ್ನಟ್ಟಿ, ಕೊಕ್ಕಿನಿಂದಲೇ ಕಿತ್ತು ಬಿಸಾಡುತ್ತಿದ್ದರು. ಆಮೇಲೆ ಅದರ ಬಾಯಿ ತೊಳೆಸುತ್ತಿದ್ದರೋ ಇಲ್ಲವೋ ನಾನು ಕಂಡಿಲ್ಲ, ಕೈಯಲ್ಲಿ ತಂಬಿಗೆಯಂತೂ ಇರುತ್ತಿತ್ತು.

ಕೋಳಿಗಳು ದುಂಡಗಾದವು. ತತ್ತಿ ಒಂದೂ ಇಲ್ಲ. ಕಾಕು ಇನ್ನಷ್ಟು ಇಳಿದರು. ಕಾಕಾ ರಜೆ ಹಾಕಿ ಗೂಡಿಗೂ ಹಾಸಿಗೆಗೂ ನಡುವೆ ಸುತ್ತತೊಡಗಿದರು. ನನಗೆ ನಗು ನಿಂತು ಹೆದರಿಕೆ ಶುರುವಾಯಿತು.

ಪಕ್ಕದ ಖೋಲಿಯ ಮಂಗಳೂರಿನ ಹೆಂಗಸೂ, ಚಾಳಿನವರೆಲ್ಲ ಬಾಯಿ ಎಂದು ಕರೆಯುತ್ತಿದ್ದವರು, ಕೋಳಿ ಸಾಕಿದ್ದರು. ಅವರ ಬುಟ್ಟಿ ಎಂದೂ ಖಾಲಿಯಿರುತ್ತಿರಲಿಲ್ಲ. "ಕೊಬ್ಬಿದ ಕೋಳಿ ಮೊಟ್ಟೆ ಇಡುದಿಲ್ಲ. ಜೋಳ ಹಾಕಿ, ಸೊಪ್ಪು ಹಾಕಿ, ನೀರಿಡಿ. ಉಳಿದದ್ದು ಅವೇ ಕೆದಕಿ ತಿಂತಾವೆ ಮಾರಾಯ್ರೆ. ನೀವು ಒಮ್ಮೆ ಆಚೆ ಹೋಗಿ," ಎಂದರು.

ಕೆದಕಿದರೆ ಹುಳ ತಿನ್ನುತ್ತವಲ್ಲ ಎಂದು ಕಾಕಾ ವಾದಕ್ಕೆ ನಿಂತರು. ಅಷ್ಟರಲ್ಲಿ ಕಾಕು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು.

"ಬಿಡ್ರಿ ಅವನ್ನ. ಏನರ ತಿನ್ಲಿ. ನಾ ತತ್ತಿ ತಿಂತೀನಿ."

ಕಾಕಾ ಬಿಟ್ಟರು. ಜೋಳ, ಪಾಲಕದ ದಂಟು, ಮನಸಾರೆ ಕೆದಕಲು ಮಣ್ಣು. ಕೋಳಿಗಳು ಕೊಬ್ಬು ಕರಗಿ ಹಗುರಾದವು. ಆಮೇಲೊಂದು ಬೆಳಿಗ್ಗೆ ಗೂಡಿನಲ್ಲಿ ತತ್ತಿ!

ಬಾಯಿ ಅದನ್ನು ತಮ್ಮ ಒಲೆಯ ಮೇಲೆ ಕುದಿಸಿ ತಂದರು. ಕಾಕು ಕಣ್ಣು ಮುಚ್ಚಿ ಒಂದು ಚೂರು ನುಂಗಿದರು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅದನ್ನು ನೋಡಲಾಗದೆ ಕಾಕಾ ಮತ್ತೆ ಸುತ್ತತೊಡಗಿದರು.

"ಇಲ್ಲೆ ಬಂದು ಕೂಡ್ರಿ," ಎಂದರು ಕಾಕು. "ನೀವು ಕೂತರ ಉಳಿದದ್ದೂ ತಿಂತೀನಿ."

ಕಾಕಾ ಕೂತರು. ಮೊಣಕಾಲು ಅಲುಗುತ್ತಲೇ ಇತ್ತು. ಕಾಕು ಅದರ ಮೇಲೊಂದು ಕೈಯಿಟ್ಟುಕೊಂಡೇ ತತ್ತಿ ಮುಗಿಸಿದರು.